ನಾನು ಗದಗಿನಿಂದ, ಕೆಎಎಸ್‌ಗೆ ಓದುತ್ತಿದ್ದೇನೆ. ಕೇಂದ್ರ, ರಾಜ್ಯಗಳಿಗೆ ವಿಷಯ ಹಂಚುವ ಸಂವಿಧಾನದ ಏಳನೇ ಅನುಸೂಚಿ ಪೂರ್ತಿ ಬಾಯಿಪಾಠ ಮಾಡಬೇಕಾ? ಕೇಂದ್ರ, ರಾಜ್ಯ ಇಬ್ಬರಲ್ಲಿ ಯಾರು ದೊಡ್ಡವರು ಅಂತ ಕೇಳಿದರೆ ಏನು ಬರೆಯಬೇಕು?

ಬಾಯಿಪಾಠ ಬೇಡ. ನಾನು ಮಾಡಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿದ್ದೆ. ಮೂಲ ಸಂವಿಧಾನದಲ್ಲಿ ಕೇಂದ್ರ ಪಟ್ಟಿ 97, ರಾಜ್ಯ ಪಟ್ಟಿ 66, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿ 47. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಸಂದರ್ಶನದಲ್ಲಿ ಊರು ಕೇಳಿದರು, ನವಲಗುಂದ ಅಂದೆ.

“ನೀರು ಯಾರ ವಿಷಯ?”

“ರಾಜ್ಯದ್ದು ಸರ್. ರಾಜ್ಯ ಪಟ್ಟಿ, 17ನೇ ನಮೂದು.”

“ಮತ್ತ ಮಹದಾಯಿ ನೀರು ನಿಮ್ಮೂರಿಗೆ ಯಾಕ ಬಂದಿಲ್ರಿ?”

ಬಾಯಿ ಕಟ್ಟಿತು. 2015ರಲ್ಲಿ ಅದೇ ನೀರಿಗಾಗಿ ಧರಣಿ ಕೂತವನು ನಾನು! ಆ ಸಲ ಕೆಲಸ ಕೈ ತಪ್ಪಿತು.

ತಪ್ಪಿದ್ದು ಎಲ್ಲಿ ಗೊತ್ತಾ? 17ನೇ ನಮೂದಿನಲ್ಲಿ ನೀರು ಪೂರೈಕೆ, ನೀರಾವರಿ, ಕಾಲುವೆ ಎಲ್ಲ ಇದೆ. ಆದರೆ ಕೊನೆಗೊಂದು ಬಾಲ ಇದೆ: ಕೇಂದ್ರ ಪಟ್ಟಿಯ 56ಕ್ಕೆ ಒಳಪಟ್ಟು. ಅದು ಅಂತರರಾಜ್ಯ ನದಿಗಳದ್ದು. ನನ್ನ ಗೈಡ್‌ನಲ್ಲಿ ಬಾಲ ಕತ್ತರಿಸಿ ‘ನೀರು - ರಾಜ್ಯ’ ಅಂತಷ್ಟೇ ಹಾಕಿದ್ದರು. ನಾನೂ ಸಂವಿಧಾನ ತೆಗೆದು ನೋಡಲಿಲ್ಲ. ರಾಜ್ಯ ರಾಜ್ಯಗಳ ನಡುವೆ ಜಗಳ ಬಂದರೆ 262ನೇ ವಿಧಿ, ಅದರ ಕೆಳಗೆ 1956ರ ಕಾಯ್ದೆ, ನ್ಯಾಯಮಂಡಳಿ. ಮಹದಾಯಿ ಗೋವಾಕ್ಕೂ ಹರಿಯುವ ನದಿ, ಅದಕ್ಕೆ 2010ರಲ್ಲಿ ಮಂಡಳಿ ಆಯಿತು, 2018ರಲ್ಲಿ ತೀರ್ಪು ಬಂತು, ನಮಗೆ 13.42 ಟಿಎಂಸಿ ಸಿಕ್ಕಿತು. ಸಿಕ್ಕಿದ್ದು ಕಾಗದದ ಮೇಲೆ. ಕಾಮಗಾರಿ ನಡೆಯಬೇಕಾದ್ದು ಖಾನಾಪುರದ ಕಾಡಿನಲ್ಲಿ. ಕಾಡು, ವನ್ಯಜೀವಿ ಎರಡೂ 1976ರ 42ನೇ ತಿದ್ದುಪಡಿಯಲ್ಲಿ ರಾಜ್ಯ ಪಟ್ಟಿಯಿಂದ ಸಮವರ್ತಿಗೆ ಹೋದವು. ಹಾಗಾಗಿ ದೆಹಲಿಯ ಅನುಮತಿ ಬೇಕು. ಒಂದೇ ಕಾಲುವೆ ಮೂರೂ ಪಟ್ಟಿಯಲ್ಲಿ ಹಾದು ಬರಬೇಕು, ನೋಡಿ.

ಇನ್ನು ಯಾರು ದೊಡ್ಡವರು ಅನ್ನೋದು. ಆ ಪ್ರಶ್ನೆಯೇ ಸುಮ್ನೆ. 1989ರಲ್ಲಿ ನಮ್ಮ ಕಡೆಯ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಕೇಂದ್ರದವರು 356ನೇ ವಿಧಿ (ರಾಷ್ಟ್ರಪತಿ ಆಳ್ವಿಕೆ) ಹಿಡಿದು ವಜಾ ಮಾಡಿದರು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲೇ ಗೊತ್ತಾಗಬೇಕು ಅಂದಿತು. ಸಂವಿಧಾನದ ಸಾಲು ಅದೇ, ಬಳಸುವವರ ಕೈ ಮಾತ್ರ ಬಿಗಿಯಾಯಿತು. ಉತ್ತರದಲ್ಲಿ ಇಂಥದ್ದು ಬರೆಯಿರಿ.

ನೀವು ಗದಗಿನವರು ಅಂದಿರಲ್ವಾ? ಕಪ್ಪತಗುಡ್ಡ ಹಿಡಿಯಿರಿ. ಗಣಿ ಒಂದು ಪಟ್ಟಿ, ಕಾಡು ಇನ್ನೊಂದು. ರಾಜ್ಯ ಪಟ್ಟಿಯ 23ನೇ ನಮೂದು ಪೂರ್ತಿ ಓದಿ, ಅಲ್ಲೂ ಅಂಥದ್ದೇ ಬಾಲ ಇದೆ. ಆಮೇಲೆ ಕೇಂದ್ರ ಪಟ್ಟಿಯ 54 ತೆಗೆಯಿರಿ. ಗೈಡ್ ಮಾತ್ರ ಮುಟ್ಟಬೇಡಿ.