ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಲ್ಲಿ ಲಂಟಾನ ಇಷ್ಟೊಂದು ಹಬ್ಬಿದ್ದು ಹೇಗೆ? ಅದರಿಂದ ಏನು ತೊಂದರೆ?
ಇದು ಮೂಲತಃ ಮಧ್ಯ ಮತ್ತು ದಕ್ಷಿಣ ಅಮೆರಿಕದ ಗಿಡ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಚೆಂದಕ್ಕೆಂದು ತಂದು ತೋಟದಲ್ಲಿ ನೆಟ್ಟರು. ಅಲ್ಲಿಂದ ಕಾಡಿಗೆ ದಾಟಿಸಿದ್ದು ಪಿಕಳಾರದಂಥ ಹಕ್ಕಿಗಳು: ಹಣ್ಣು ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಬೀಜ ಬಿತ್ತು. ಎಲೆ ವಿಷ, ಹಾಗಾಗಿ ದನವಾಗಲಿ ಜಿಂಕೆಯಾಗಲಿ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಪೊದೆ ದಟ್ಟವಾದರೆ ನೆಲಕ್ಕೆ ಬಿಸಿಲಿಲ್ಲ. ಹುಲ್ಲು ಸಾಯುತ್ತದೆ, ಕಾಡುಮರಗಳ ಸಸಿಗಳೂ ಮೇಲೇಳುವುದಿಲ್ಲ. ಆನೆ, ಕಡವೆಗಳಿಗೆ ಮೇವು ಕಮ್ಮಿ. ಬೇಸಿಗೆಯಲ್ಲಿ ಒಣಗಿದ ಪೊದೆಗೆ ಬೆಂಕಿ ಬಿದ್ದರೆ ಮರದ ತಲೆಯವರೆಗೂ ಏರುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಪ್ರತಿ ಬೇಸಿಗೆಯ ಆರಂಭದಲ್ಲಿ ಹಗುರವಾದ 'ತರಗು ಬೆಂಕಿ' ಹಾಕುತ್ತಿದ್ದರು. ಅದರಲ್ಲಿ ಎಳೆ ಲಂಟಾನ ಸುಟ್ಟುಹೋಗುತ್ತಿತ್ತು. ಅಭಯಾರಣ್ಯದ ನಿಯಮ ಬಂದು ಅದು ನಿಂತ ಮೇಲೆಯೇ ಗಿಡ ಹೆಚ್ಚಿದ್ದು ಎನ್ನುತ್ತಾರೆ ಅವರು. ನನಗೂ ಆ ಮಾತಿನಲ್ಲಿ ತೂಕ ಕಾಣುತ್ತದೆ. ಈಗಂತೂ ಹಾಗೆ ಬೆಂಕಿ ಹಾಕುವುದು ಅಪಾಯ, ಉರಿಯುವ ಸೌದೆ ಅಷ್ಟು ಬೆಳೆದುಬಿಟ್ಟಿದೆ. ಬುಡಸಮೇತ ಕಿತ್ತು, ಕೂಡಲೇ ಅಲ್ಲಿ ನಾಡ ಹುಲ್ಲು ಬೆಳೆಸಬೇಕು. (ಮಲೆ ಮಹದೇಶ್ವರ ಬೆಟ್ಟದ ಕಡೆ ಇದರ ಕಡ್ಡಿಯಲ್ಲಿ ಕುರ್ಚಿ ಹೆಣೆಯುತ್ತಾರೆ. ಒಳ್ಳೆಯ ಕಸುಬು, ಆದರೆ ಕಾಡಲ್ಲಿರುವ ರಾಶಿಗೆ ಅದು ಯಾವ ಲೆಕ್ಕವೂ ಅಲ್ಲ.)