ಕೆನಡಾದ ಕ್ವಿಬೆಕ್‌ನಿಂದ ಬಂದ ನನ್ನ ಗಂಡನ ಮುತ್ತಜ್ಜನ ಹೆಸರು ಒಂದು ಕಾಗದದಲ್ಲಿ ಜೋಸೆಫ್ ರಾಯ್, ಇನ್ನೊಂದರಲ್ಲಿ ಲೂಯಿ ದೆಜಾರ್ಡಾಂ. ಇಬ್ಬರೂ ಒಬ್ಬರೇನಾ?

ಒಬ್ಬರೇ ಇರಬಹುದು. ಅವರು ಕ್ವಿಬೆಕ್‌ನಿಂದ ಬಂದವರು ಅಂದಿದ್ದೀರಲ್ಲ, ಅಲ್ಲಿ ಇದು ಮಾಮೂಲು.

ಮೊದಲು ಆ ಜೋಸೆಫ್‌ನನ್ನು ಪಕ್ಕಕ್ಕಿಡಿ. ಅಲ್ಲಿನ ಕ್ಯಾಥೊಲಿಕ್ ಮನೆಗಳಲ್ಲಿ ಜ್ಞಾನಸ್ನಾನದ (ಬ್ಯಾಪ್ಟಿಸಮ್) ಹೊತ್ತಿಗೆ ಗಂಡುಮಗುವಿಗೆ ಜೋಸೆಫ್, ಹೆಣ್ಣುಮಗುವಿಗೆ ಮರೀ ಅಂತ ಮುಂದೆ ಸೇರಿಸುವುದು ರೂಢಿಯಾಗಿತ್ತು. ಜ್ಞಾನಪಿತನ (ಗಾಡ್‌ಫಾದರ್) ಹೆಸರೂ ಒಂದು ಸೇರುತ್ತಿತ್ತು. ಕರೆಯುವ ಹೆಸರು ಬೇರೆ. ಕೆನಡಾದ ಪ್ರಧಾನಿಯಾಗಿದ್ದ ಪಿಯರ್ ಟ್ರುಡೊ ಅವರ ಪೂರ್ತಿ ಹೆಸರು ಜೋಸೆಫ್ ಫಿಲಿಪ್ ಪಿಯರ್ ಈವ್ ಎಲಿಯಟ್ ಟ್ರುಡೊ. ಅವರನ್ನು ಯಾರೂ ಜೋಸೆಫ್ ಅನ್ನಲಿಲ್ಲ, ಅಲ್ವಾ? ನಿಮ್ಮವರೂ ಚರ್ಚಿನ ಪುಸ್ತಕದಲ್ಲಿ 'ಜೋಸೆಫ್ ಲೂಯಿ' ಆಗಿರಬಹುದು.

ಇನ್ನು ರಾಯ್ ಮತ್ತು ದೆಜಾರ್ಡಾಂ. ಹಳೆಯ ದಾಖಲೆಗಳಲ್ಲಿ ಎರಡು ಅಡ್ಡಹೆಸರುಗಳ ಮಧ್ಯೆ 'ದಿ' (dit) ಎಂಬ ಫ್ರೆಂಚ್ ಪದ ಬರುತ್ತದೆ. ನಮ್ಮ 'ಉರುಫ್' ಇದ್ದ ಹಾಗೆ. ಎಷ್ಟೋ ಕಡೆ ಇದು ಸೈನಿಕರಿಂದ ಬಂದದ್ದು. 1665ರಲ್ಲಿ ಫ್ರಾನ್ಸಿನಿಂದ ಬಂದ ಕಾರಿಞಾಂ-ಸಾಲಿಯೆರ್ ಪಡೆಯವರಿಗೆ ಇಂಥ ಪಡೆ-ಹೆಸರು ಇರುತ್ತಿತ್ತು. ಒಬ್ಬ ಲಾಫ್ಲರ್, ಅಂದರೆ ಹೂವು. ಇನ್ನೊಬ್ಬ ಸಾನ್‌ಸೂಸಿ, ಚಿಂತೆಯಿಲ್ಲದವ.

ಆ ಪಡೆಯಲ್ಲೇ ಬಂದವನು ಆಂತ್ವಾನ್ ರಾಯ್ ದಿ ದೆಜಾರ್ಡಾಂ. ಪೀಪಾಯಿ ಮಾಡುವ ಕೆಲಸದವನು. 1684ರಲ್ಲಿ ಲಾಶೀನ್ ಎಂಬಲ್ಲಿ ಬೇರೆಯವನ ಹೆಂಡತಿಯ ಜೊತೆ ಸಿಕ್ಕಿಬಿದ್ದು, ಅವಳ ಗಂಡನ ಕೈಯಲ್ಲಿ ಸತ್ತ. ಇದ್ದವನು ಒಬ್ಬನೇ ಮಗ, ಪಿಯರ್. ವಂಶವೆಲ್ಲ ಅವನಿಂದಲೇ ಬೆಳೆಯಿತು. ಮುಂದೆ ಕೆಲವರು ರಾಯ್ ಇಟ್ಟುಕೊಂಡರು, ಕೆಲವರು ದೆಜಾರ್ಡಾಂ. ರಾಯ್ ಅಂದರೆ ರಾಜ, ಹಾಗಾಗಿ ಅಮೆರಿಕ ಸೇರಿದ ರಾಯ್‌ಗಳಲ್ಲಿ ಕೆಲವರು 'ಕಿಂಗ್' ಆದರು. ದೆಜಾರ್ಡಾಂ ಅಂದರೆ 'ತೋಟದ'. ಧಾರವಾಡದ ಕಡೆಯೂ ತೋಟದ ಅನ್ನುವವರು ಸಿಗುತ್ತಾರೆ, ನೋಡಿ! ಹಾಗಂತ ರಾಯ್‌ಗಳೆಲ್ಲ ಆಂತ್ವಾನನ ಮಕ್ಕಳು ಅಂದುಕೊಳ್ಳಬೇಡಿ. ಆ ಹೆಸರಿನ ಬೇರೆ ಮನೆತನಗಳೂ ಇವೆ.

ಹುಡುಕುವಾಗ ಹುಟ್ಟಿಗಿಂತ ಮದುವೆಯ ದಾಖಲೆ ಹಿಡಿಯಿರಿ. ಅದರಲ್ಲಿ ಸಾಮಾನ್ಯವಾಗಿ ಗಂಡು-ಹೆಣ್ಣು ಇಬ್ಬರ ತಂದೆ-ತಾಯಿಯ ಹೆಸರೂ ಇರುತ್ತದೆ. ಅಲ್ಲಿಂದ ಆ ತಂದೆ-ತಾಯಿಯ ಮದುವೆಗೆ ಹೋಗಿ. ಹೀಗೆ ಹಿಂದಕ್ಕೆ ಏಣಿ ಇಳಿದ ಹಾಗೆ. ಇನ್ನೊಂದು ಅನುಕೂಲ: ಚರ್ಚಿನ ಪುಸ್ತಕಗಳಲ್ಲಿ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರಲ್ಲೇ ಇರುತ್ತಾರೆ, ಸಾಯುವವರೆಗೂ.

ನನ್ನನ್ನು ಕಾಪಾಡಿದ್ದು ಇದೇ. ನನ್ನ ಹೆಂಡತಿಯ ಕಡೆಯವರು ಗ್ರೀನ್‌ವುಡ್. ನಾವು ಇಂಗ್ಲೆಂಡಿನವರು ಅಂತ ಮನೆಯಲ್ಲೇ ನಂಬಿದ್ದರು. ಅಮೆರಿಕದ ಲೋವೆಲ್ ಊರಿನ ಹತ್ತಿಗಿರಣಿಗೆ ಬಂದ ಮುತ್ತಜ್ಜನ ಮದುವೆ ದಾಖಲೆ ಸಿಕ್ಕಾಗ ನೋಡಿದರೆ, ಪಾದ್ರಿ ಬರೆದದ್ದು 'ಬ್ವಾವೆರ್'. ಅದೇ ಹಸಿರು ಕಾಡು, ಫ್ರೆಂಚಿನಲ್ಲಿ. 1840ರಿಂದ 1930ರ ತನಕ ಸುಮಾರು 9 ಲಕ್ಷ ಜನ ಹೀಗೆ ಕೆನಡಾದಿಂದ ಅಮೆರಿಕಕ್ಕೆ ಗಡಿ ದಾಟಿದರು. ಗಂಡಸರ ಹೆಸರು ಬದಲಾಯಿತು, ಆದರೆ ಪಕ್ಕದಲ್ಲಿದ್ದ ತಾಯಿಯ ತವರಿನ ಹೆಸರು ಹಾಗೇ ಉಳಿದಿತ್ತು. ಅದನ್ನೇ ಹಿಡಿದು ಕ್ವಿಬೆಕ್‌ನ ಹಳ್ಳಿ ಮುಟ್ಟಿದೆ.

ದುಡ್ಡು ಕೊಡದೆ ನೋಡಬೇಕೆಂದರೆ ಫ್ಯಾಮಿಲಿಸರ್ಚ್ ಸೈಟಿನಿಂದ ಶುರುಮಾಡಿ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಿಆರ್‌ಡಿಎಚ್ ಎಂಬ ಆನ್‌ಲೈನ್ ದಾಖಲೆ-ಸಂಗ್ರಹ 1621ರಿಂದ ಈಚಿನ ಚರ್ಚು ದಾಖಲೆಗಳನ್ನು ಕುಟುಂಬವಾರು ಜೋಡಿಸಿಟ್ಟಿದೆ, ಆದರೆ ಪೂರ್ತಿ ನೋಡಲು ದುಡ್ಡು ಕೊಡಬೇಕು. ಬೇರೆಯವರು ಹಾಕಿದ ವಂಶವೃಕ್ಷವನ್ನು ಸುಮ್ನೆ ಕಾಪಿ ಮಾಡಬೇಡಿ.

ಮತ್ತೆ ಹುಟ್ಟಿನ ದಾಖಲೆ ಸಿಕ್ಕಿತು ಅಂತ ಕುಣಿಯುವ ಮೊದಲು ಮುಂದಿನ ಒಂದೆರಡು ವರ್ಷದ ಸಾವಿನ ಪುಟಗಳನ್ನೂ ತಿರುವಿ. ಮಗು ಸತ್ತರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುತ್ತಿದ್ದರು. ಮೂರು ತಿಂಗಳಿಗೇ ತೀರಿಕೊಂಡ ಒಂದು ಕೂಸಿಗೆ ನಾನು ಮದುವೆ ಹುಡುಕುತ್ತಾ ಇಡೀ ಒಂದು ಚಳಿಗಾಲ ಕಳೆದಿದ್ದೇನೆ.