ಕ್ರಿಯಾಟಿನಿನ್ ಇಳಿದಿದೆ, ಚೂರ್ಣ ಮುಂದುವರಿಸಬಹುದೇ?

ಪ್ರಶ್ನೆ: ನಮ್ಮ ತಾಯಿಗೆ 61 ವರ್ಷ. 14 ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ರಕ್ತದೊತ್ತಡವೂ ಇದೆ. ಮೂರು ತಿಂಗಳ ಹಿಂದೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 2.1ಕ್ಕೆ ಏರಿತ್ತು. ನೆಂಟರ ಮಾತು ಕೇಳಿ ಒಬ್ಬ ನಾಟಿ ವೈದ್ಯರಲ್ಲಿಗೆ ಹೋದೆವು. ಅವರು ಕಂದು ಬಣ್ಣದ ಚೂರ್ಣವನ್ನು ಪೊಟ್ಟಣ ಕಟ್ಟಿ ಕೊಟ್ಟು, 48 ದಿನ ಮಾಂಸ ಮುಟ್ಟಬಾರದು, ಇಂಗ್ಲಿಷ್ ಮಾತ್ರೆಗಳನ್ನು ನಿಲ್ಲಿಸಬೇಕು ಎಂದು ಪಥ್ಯ ಹೇಳಿದರು. ಸಕ್ಕರೆಯ ಔಷಧ ಬಿಡಲು ಧೈರ್ಯ ಬರಲಿಲ್ಲ, ಬಿ.ಪಿ.ಗೆ ಕೊಟ್ಟಿದ್ದ ಟೆಲ್ಮಿಸಾರ್ಟನ್ ಮಾತ್ರ ನಿಲ್ಲಿಸಿದೆವು. ಈಗ ಕ್ರಿಯಾಟಿನಿನ್ 1.8 ಇದೆ, ಆದರೆ ಸಂಜೆಯ ಹೊತ್ತಿಗೆ ಪಾದ ಊದಿಕೊಳ್ಳುತ್ತದೆ. ಚೂರ್ಣ ಮುಂದುವರಿಸಬಹುದೇ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ದಯವಿಟ್ಟು ಮುಂದುವರಿಸಬೇಡಿ. ಅಂಕಿ ಇಳಿದಾಗ ನಿಮಗಾದ ಸಮಾಧಾನ ನನಗೆ ಅರ್ಥವಾಗುತ್ತದೆ. ಆದರೆ ಆ ಇಳಿಕೆಗೆ ಚೂರ್ಣವನ್ನು ಬಿಟ್ಟು ಬೇರೆ ಕಾರಣಗಳೂ ನಿಮ್ಮ ಪತ್ರದಲ್ಲಿಯೇ ಇವೆ.

ಮೊದಲನೆಯದು ಪಥ್ಯ. ಕ್ರಿಯಾಟಿನಿನ್ ನಮ್ಮ ಸ್ನಾಯುಗಳಿಂದ ಹುಟ್ಟುವ, ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯವಾಗಿದ್ದು, ಬೇಯಿಸಿದ ಮಾಂಸದಿಂದಲೂ ಸ್ವಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆ. ಮಾಂಸ ಬಿಟ್ಟವರಲ್ಲಿ, ಊಟ ಕಡಿಮೆಯಾಗಿ ಮೈ ಇಳಿದವರಲ್ಲಿ, ಮೂತ್ರಪಿಂಡ ಎಳ್ಳಷ್ಟೂ ಸುಧಾರಿಸದಿದ್ದರೂ ಈ ಅಂಕಿ ತಗ್ಗಬಹುದು. ತಾಯಿಯವರ ತೂಕವನ್ನು ಒಮ್ಮೆ ನೋಡಿ.

ಎರಡನೆಯದು ಇನ್ನೂ ಮುಖ್ಯ. ಟೆಲ್ಮಿಸಾರ್ಟನ್ ರಕ್ತದೊತ್ತಡವನ್ನು ಇಳಿಸುವುದರ ಜೊತೆಗೆ, ಮೂತ್ರಪಿಂಡದ ಸೂಕ್ಷ್ಮ ಸೋಸುಗಗಳಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸಿ, ಸೋಸುಗದ ಒಳಗಿನ ಒತ್ತಡವನ್ನೂ ಕಡಿಮೆ ಮಾಡುತ್ತದೆ. ಸೋಸುವ ವೇಗ ತುಸು ತಗ್ಗುವುದರಿಂದ ಕ್ರಿಯಾಟಿನಿನ್ ಆರಂಭದಲ್ಲಿ ಸ್ವಲ್ಪ ಏರುತ್ತದೆ; ಶೇ 30ರವರೆಗಿನ ಏರಿಕೆಯನ್ನು ವೈದ್ಯರು ಸಾಮಾನ್ಯವಾಗಿ ಒಪ್ಪಿಕೊಂಡೇ ಈ ಮಾತ್ರೆ ಕೊಡುತ್ತಾರೆ, ಏಕೆಂದರೆ ಸಕ್ಕರೆ ಕಾಯಿಲೆಯವರ ಮೂತ್ರಪಿಂಡವನ್ನು ವರ್ಷಗಟ್ಟಲೆ ಕಾಯುವುದು ಈ ಒತ್ತಡದ ಇಳಿಕೆಯೇ. ಮಾತ್ರೆ ನಿಲ್ಲಿಸಿದರೆ ಒತ್ತಡ ಮತ್ತೆ ಏರುತ್ತದೆ, ಅಂಕಿ ಇಳಿಯುತ್ತದೆ. ಆದರೆ ಮೂತ್ರದಲ್ಲಿ ಪ್ರೋಟೀನ್ ಸೋರುವುದು ಹೆಚ್ಚುತ್ತದೆ. ಪಾದದ ಊತ ಅದರ ಸೂಚನೆಯಾಗಿರಬಹುದು.

ಇನ್ನು ಪೊಟ್ಟಣದ ವಿಷಯ. ಹೆಸರೂ ಪದಾರ್ಥಗಳ ಪಟ್ಟಿಯೂ ಇಲ್ಲದ ಚೂರ್ಣದಲ್ಲಿ ಬರೀ ಬೇರು, ತೊಗಟೆ ಇದೆ ಎಂದು ಯಾರೂ ಖಾತರಿ ಕೊಡಲಾರರು. ಪಾದರಸ ಸೇರಿದ ನಾಟಿ ಔಷಧಗಳನ್ನು ಸೇವಿಸಿದವರಲ್ಲಿ ಸೋಸುಗಗಳ ಪೊರೆ ದಪ್ಪಗಾಗಿ ಪ್ರೋಟೀನ್ ವಿಪರೀತ ಸೋರುವ ಕಾಯಿಲೆಯನ್ನು ದಕ್ಷಿಣ ಭಾರತದ ವೈದ್ಯರು ಗುರುತಿಸಿದ್ದಾರೆ. ಪಾದರಸದಂಥ ವಿಷವಸ್ತುಗಳಿರುವ ಆಯುರ್ವೇದ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕು ಎಂಬ ಎಚ್ಚರಿಕೆ ಚೀಟಿಯ ಮೇಲೆ ಇರಬೇಕೆಂದು ನಮ್ಮ ಕಾನೂನೇ ಹೇಳುತ್ತದೆ. ನಿಮ್ಮ ಪೊಟ್ಟಣಕ್ಕೆ ಆ ಚೀಟಿಯೇ ಇಲ್ಲ.

ಬರೀ ಬೇರಾಗಿದ್ದರೂ ನಿಶ್ಚಿಂತೆಯಿಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆ ನುಂಗಿದ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಚೀನೀ ಹೆಸರುಗಳ ಹೋಲಿಕೆಯಿಂದಾಗಿ ಒಂದು ಬೇರಿನ ಬದಲು ಅರಿಸ್ಟೊಲೋಕಿಯಾ ಕುಲದ ಬೇರು ಗುಳಿಗೆಗೆ ಸೇರಿತ್ತು. ನಮ್ಮ ಈಶ್ವರಿ ಬಳ್ಳಿಯೂ ಅದೇ ಕುಲದ್ದು. ಹೆಸರಿನ ಗೊಂದಲ ನಮ್ಮಲ್ಲೂ ಕಡಿಮೆಯೇನಿಲ್ಲ: ಬ್ರಾಹ್ಮಿ ಎಂದು ಕೆಲವರು ಒಂದೆಲಗವನ್ನು ಕೊಟ್ಟರೆ, ಇನ್ನು ಕೆಲವರು ನೀರುಬ್ರಾಹ್ಮಿಯನ್ನು ಕೊಡುತ್ತಾರೆ.

ಈ ವಾರವೇ ತಾಯಿಯವರನ್ನು ವೈದ್ಯರಿಗೆ ತೋರಿಸಿ. ಉಳಿದ ಪೊಟ್ಟಣಗಳನ್ನು ಎಸೆಯದೆ, ಸಂಕೋಚಪಡದೆ ಅವರ ಮುಂದಿಡಿ. ರಕ್ತದೊತ್ತಡ, ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತು ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನಿನ ಪ್ರಮಾಣ, ಇಷ್ಟನ್ನೂ ನೋಡಬೇಕು. ಟೆಲ್ಮಿಸಾರ್ಟನ್ ಪೊಟ್ಯಾಸಿಯಂ ಅನ್ನು ಏರಿಸಬಲ್ಲದು, ಆದ್ದರಿಂದ ಈ ಪರೀಕ್ಷೆಗಳಾದ ಮೇಲೆ ವೈದ್ಯರು ಹೇಳಿದಂತೆಯೇ ಅದನ್ನು ಮತ್ತೆ ಆರಂಭಿಸಿ. ಚೂರ್ಣ ತಂದ ನೆಂಟರನ್ನಾಗಲಿ, ನಂಬಿದ ತಾಯಿಯವರನ್ನಾಗಲಿ ಬೈಯಬೇಡಿ. ಬೈಗುಳಕ್ಕೆ ಅಂಜಿದವರು ಮುಂದಿನ ಸಲ ಹೇಳದೆಯೇ ಸೇವಿಸುತ್ತಾರೆ.

ಪ್ರಶ್ನೆ: ಕೊಲೆಸ್ಟರಾಲ್ ಇಳಿಯುತ್ತದೆಂದು ಬಿಂಬುಳಿ ಕಾಯಿಯ ರಸವನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಲೋಟ ಕುಡಿಯಬಹುದೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಕುಡಿಯಬಾರದು. ಬಿಂಬುಳಿಯಲ್ಲಿ ಆಕ್ಸಲೇಟ್ ಬಹಳ. ಹತ್ತಾರು ಕಾಯಿ ಹಿಂಡಿದ ರಸ ಬರಿಹೊಟ್ಟೆಗೆ ಹೋದಾಗ ಆಕ್ಸಲೇಟ್ ಹೇರಳವಾಗಿ ರಕ್ತ ಸೇರಿ, ಮೂತ್ರಪಿಂಡದ ನಳಿಕೆಗಳಲ್ಲಿ ಹರಳುಗಟ್ಟುತ್ತದೆ. ಕೊಲೆಸ್ಟರಾಲಿಗೆಂದೇ ಈ ರಸ ಕುಡಿದು, ಆರೋಗ್ಯವಾಗಿದ್ದ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಸೋತ ಪ್ರಕರಣಗಳನ್ನು ಕೇರಳದ ವೈದ್ಯರು ವರದಿ ಮಾಡಿದ್ದಾರೆ. ಕೆಲವರಿಗೆ ಡಯಾಲಿಸಿಸ್ ಕೂಡ ಬೇಕಾಯಿತು. ಆರೋಗ್ಯವಂತರು ಸಾರಿಗೆ ಹುಳಿಯಾಗಿ ಒಂದೆರಡು ಕಾಯಿ ಹಾಕಿಕೊಳ್ಳುವುದಕ್ಕೆ ಹೆದರಬೇಕಿಲ್ಲ.

ಅದರ ಸಂಬಂಧಿ ದಾರೆಹುಳಿ, ಎಂದರೆ ಕಮರಾಕ್ಷಿ, ಮೂತ್ರಪಿಂಡ ದುರ್ಬಲವಾದವರಿಗೆ ಇನ್ನೂ ಅಪಾಯಕಾರಿ. ಅದರಲ್ಲಿರುವ ನರವಿಷವನ್ನು ಅವರ ದೇಹ ಹೊರಹಾಕಲಾರದು; ಒಂದೇ ಹಣ್ಣು ತಿಂದರೂ ತೊಂದರೆಯಾಗಬಹುದು. ಅಂಥವರಿಗೆ ಈ ಹಣ್ಣು ತಿಂದ ಬಳಿಕ ಬಿಡದ ಬಿಕ್ಕಳಿಕೆ ಶುರುವಾದರೆ, ನೀರು ಕುಡಿಸುತ್ತಾ ಕಾಯದೆ, ಮಾತು ತೊದಲುವ ಮೊದಲೇ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಿರಿ, ತಿಂದದ್ದು ಏನೆಂಬುದನ್ನು ಅಲ್ಲಿ ಮೊದಲೇ ಹೇಳಿ.